ಅಡ್ಮಿಷನ್ ಕೌಂಟರಿನ ಸಹಿ

ತೊಗರ್ಸಿಯಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೊದಲು ಶಿರಾಳಕೊಪ್ಪ, ಇಲ್ಲವೇ ಶಿಕಾರಿಪುರ; ಅಲ್ಲೂ ಆಗದಿದ್ದರೆ ಶಿವಮೊಗ್ಗದ ನರ್ಸಿಂಗ್ ಹೋಂ. ಕೌಂಟರಿನಲ್ಲಿ ನಾಲ್ಕೈದು ಹಾಳೆ ಮುಂದೆ ಬರುತ್ತವೆ. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲ್ ಗುರುತು, ಪಕ್ಕದಲ್ಲಿ ಹೆಬ್ಬೆಟ್ಟಿಗೆ ಇಂಕ್ ಪ್ಯಾಡು. ರೋಗಿ ಸ್ಟ್ರೆಚರ್ ಮೇಲೆ. ಸಹಿ ಮಗನದೋ ಅಳಿಯನದೋ. ಆ ಹಾಳೆಗಳಲ್ಲಿ ಏನಿತ್ತೆಂದು ಮರುದಿನ ಹೇಳಬಲ್ಲವರು ಅಪರೂಪ.

ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ 1162ರ ಶಾಸನವೊಂದು ಕೋಡಿಯ ಮಠವನ್ನು ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಸಿಗುವ ತಾಣವೆಂದು ವರ್ಣಿಸುತ್ತದೆ. ಅಲ್ಲಿ ಚಿಕಿತ್ಸೆ ಧರ್ಮಕಾರ್ಯ. ಹಣ ತೆತ್ತು ಪಡೆಯುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 1995ರಲ್ಲಿ, ವಿ.ಪಿ. ಶಾಂತಾ ಪ್ರಕರಣದಲ್ಲಿ.

ಒಪ್ಪಿಗೆಯ ವಿಷಯದಲ್ಲಿ ದೊಡ್ಡ ತಿರುವು 2008ರ ಸಮೀರಾ ಕೊಹ್ಲಿ ತೀರ್ಪು. ಆಕೆ ಒಪ್ಪಿದ್ದು ಮುಖ್ಯವಾಗಿ ಲ್ಯಾಪರೊಸ್ಕೋಪಿ ತಪಾಸಣೆಗೆ. ಅರಿವಳಿಕೆಯಲ್ಲಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ವಯಸ್ಕ ರೋಗಿ ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದಿತು ಕೋರ್ಟು. ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೇ ತಿಳಿಸಬೇಕು. ಇಷ್ಟಾದರೂ ಮಾತಾಡಬಲ್ಲ ಅಜ್ಜಿಯನ್ನು ಬಿಟ್ಟು ಮೊಮ್ಮಗನ ಕೈಗೆ ಪೆನ್ನು ಕೊಡುವ ರೂಢಿ ಹೋಗಿಲ್ಲ. ಇದು ಅಜ್ಜಿಗೆ ಮಾಡುವ ಅನ್ಯಾಯ.

ಸಹಿಯ ಪ್ರಶ್ನೆ ಚಿಕಿತ್ಸೆಯ ಒಪ್ಪಿಗೆಗಷ್ಟೇ ಸೀಮಿತವಲ್ಲ. ವ್ಯಾಜ್ಯ ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥಗಾರರ ಮುಂದೆಯೇ ತೀರಿಸಿಕೊಳ್ಳಬೇಕೆಂಬ ಷರತ್ತು ಅಮೆರಿಕದ ವೃದ್ಧರ ನರ್ಸಿಂಗ್ ಹೋಂಗಳಲ್ಲಿ ದೊಡ್ಡ ಜಗಳವಾಗಿದೆ. ಅಲ್ಲಿನ ಸರ್ಕಾರ 2016ರಲ್ಲಿ ಇಂಥ ಮುಂಚಿತ ಒಪ್ಪಂದಗಳನ್ನು ನಿಷೇಧಿಸಹೊರಟಿತು, ಕೋರ್ಟು ತಡೆಯಿತು. 2019ರ ನಿಯಮ ನಡುದಾರಿ ಹಿಡಿಯಿತು: ಸಹಿ ಹಾಕದಿದ್ದರೂ ದಾಖಲಿಸಿಕೊಳ್ಳಬೇಕು, ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, 30 ದಿನದೊಳಗೆ ಒಪ್ಪಂದ ರದ್ದು ಮಾಡಲು ಅವಕಾಶ ಕೊಡಬೇಕು.

ನಮ್ಮಲ್ಲಿ ರಕ್ಷಣೆ ಬಂದದ್ದು ಬೇರೆ ಬಾಗಿಲಿನಿಂದ. ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಮನೆ ಕೊಳ್ಳುವವರ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿತ್ತು. ಅದರಿಂದ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಹೇಳಿತು. ರೋಗಿಗೂ ಇದೇ ಆಸರೆ. ಆದರೆ ಸಹಿ ಹಾಕಿದವರಿಗೆ ಷರತ್ತು ಅರ್ಥವಾಗಿತ್ತೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಹಾಗಾಗಿ ಅದನ್ನು ಕನ್ನಡದಲ್ಲಿ ಓದಿ ಹೇಳುವ ಹೊಣೆಯೂ ಕೌಂಟರಿನವರ ಮೇಲೆ ಬೀಳಲಿಲ್ಲ. ಬೀಳಬೇಕು ಎಂಬುದು ನನ್ನ ವಾದ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಒಂದು ಅನುಕೂಲವಾಗಿದೆ. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದ ತೊಗರ್ಸಿಯವರು ಸೇವೆಯ ಲೋಪಕ್ಕೆ ಶಿವಮೊಗ್ಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕರಾರೇ ಅನ್ಯಾಯದ್ದೆಂದು ಪ್ರಶ್ನಿಸಬೇಕಾದರೆ ಮಾತ್ರ ಆ ಅಧಿಕಾರವನ್ನು ಕಾಯ್ದೆ ಜಿಲ್ಲೆಗೆ ಕೊಟ್ಟಿಲ್ಲ. ರಾಜ್ಯ ಆಯೋಗಕ್ಕೆ ಹೋಗಬೇಕು.