ಕುಸನೂರಿನಲ್ಲಿ ಕಿತ್ತಿದ್ದು ನೂರೇ ಸಸಿ

ರಾತ್ರಿ ಒಂಬತ್ತರ ಚರ್ಚೆ ಮುಗಿಸಿ ಮೇಕಪ್ ಒರೆಸಿಕೊಳ್ಳೋ ಹೊತ್ತಿಗೆ ಮೊಬೈಲ್‌ನಲ್ಲಿ ಮೆಸೇಜುಗಳ ರಾಶಿ ಬಿದ್ದಿರುತ್ತೆ. ಬೈಗುಳ ಅರ್ಧ, ಹೊಗಳಿಕೆ ಸ್ವಲ್ಪ. ಆದರೆ ಪ್ರತಿದಿನ ತಪ್ಪದೇ ಬರೋ ಒಂದು ಮಾತಿದೆ. ಮೊನ್ನೆಯೂ ಬಂತು. ಕೋಲಾರ ಕಡೆಯ ವೀಕ್ಷಕರೊಬ್ಬರು ಬರೆದಿದ್ದರು: ‘ಯಾರು ಬಂದ್ರೂ ಅಷ್ಟೇ ಬಿಡಿ ಸಾರ್. ದೆಹಲೀಲಿ ಅವರವರೇ ಆಡ್ಕೋತಾರೆ. ನಮ್ಮಂಥೋರು ಏನ್ ಮಾಡೋಕಾಗುತ್ತೆ?’

ಈ ಪ್ರಶ್ನೆಗೆ ನಾನು ಸಾಮಾನ್ಯವಾಗಿ ಕೈಮುಗಿಯೋ ಚಿತ್ರ ಒಂದನ್ನ ಕಳಿಸಿ ಮಲಗಿಬಿಡ್ತೀನಿ. ಅವತ್ತು ಯಾಕೋ ಹಾಗೆ ಮಾಡೋಕೆ ಮನಸ್ಸಾಗಲಿಲ್ಲ. ಯಾಕಂದ್ರೆ ಆ ವಾರ ನಾನು ಬೇರೊಂದು ಕಾರ್ಯಕ್ರಮಕ್ಕೆ ಅಂತ 1987ರ ಕತೆಯೊಂದನ್ನ ಓದ್ತಾ ಇದ್ದೆ. ಆ ಕತೆಯಲ್ಲಿ ದೆಹಲಿ ಇದೆ, ಬೆಂಗಳೂರು ಇದೆ, ದೊಡ್ಡ ಕಾರ್ಖಾನೆ ಇದೆ, ಸುಪ್ರೀಂ ಕೋರ್ಟ್ ಇದೆ. ಆದರೆ ನಡುಮಧ್ಯೆ ಇರೋದು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಕುಸನೂರು. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು, ಈಗ ಹಾವೇರಿಗೆ.

ಮೊದಲು ಆ ವರ್ಷ ದೇಶ ಹೇಗಿತ್ತು ಅಂತ ನೋಡಿ. 1984ರ ಕೊನೆಯಲ್ಲಿ ಹಿಂದೆಂದೂ ಕಾಣದ ಬಹುಮತದಿಂದ ರಾಜೀವ್ ಗಾಂಧಿ ಗೆದ್ದು ಬಂದಿದ್ದರು. ‘ಮಿಸ್ಟರ್ ಕ್ಲೀನ್’ ಅನ್ನೋ ಬಿರುದು ಬೇರೆ. 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಬೊಫೋರ್ಸ್ ಫಿರಂಗಿ ವ್ಯವಹಾರದಲ್ಲಿ ಲಂಚದ ಸುದ್ದಿ ಬಿಚ್ಚಿಟ್ಟಿತು. ಅದೇ ತಿಂಗಳು ವಿ.ಪಿ. ಸಿಂಗ್ ಸಂಪುಟದಿಂದ ಹೊರಬಿದ್ದರು, ಜುಲೈ ಹೊತ್ತಿಗೆ ಪಕ್ಷದಿಂದಲೂ ಹೊರಗೆ. ಪತ್ರಿಕೆಗಳ ಮುಖಪುಟ ಪೂರ್ತಿ ಅದೇ. ನಂಬಿದವರು ಬಾಯಿ ಮೇಲೆ ಬೆರಳಿಟ್ಟುಕೊಂಡ ವರ್ಷ ಅದು.

ಕರ್ನಾಟಕದ ನಂಬಿಕೆಯ ಕತೆ ಇನ್ನೂ ವಿಚಿತ್ರ. 1983ರಲ್ಲಿ ನಾವು ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ತಂದಿದ್ದೆವು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಅಂತ ಹಳ್ಳಿಗೆ ಅಧಿಕಾರ ಕೊಡೋ ಕಾನೂನು ಬಂತು. 1987ರ ಜನವರಿಯಲ್ಲಿ ಅದರ ಚುನಾವಣೆಯೂ ಆಯಿತು. ಇಡೀ ದೇಶ ಕರ್ನಾಟಕವನ್ನ ನೋಡಿ ಕಲೀರಿ ಅಂತಿತ್ತು. ಇದೇ ಸರ್ಕಾರ 1984ರ ನವೆಂಬರ್ 14ರಂದು ಇನ್ನೊಂದು ಆದೇಶ ಹೊರಡಿಸಿತ್ತು. ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಅನ್ನೋ ಜಂಟಿ ಕಂಪನಿ. ಸರ್ಕಾರದ ಪಾಲು ಶೇ. 51, ಕಾರ್ಖಾನೆಯದು ಶೇ. 49. ಕೆಲಸ ಏನು? ರೇಯಾನ್ ಬಟ್ಟೆಗೆ ಬೇಕಾದ ತಿರುಳು ತಯಾರಿಸೋದಕ್ಕೆ ನೀಲಗಿರಿ ಬೆಳೆಯೋದು. ಎಲ್ಲಿ? ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ.

ಅಂದ್ರೆ 300 ಚದರ ಕಿಲೋಮೀಟರ್. ಪಾಲಿಕೆ ವ್ಯಾಪ್ತಿಯ ಇಡೀ ಬೆಂಗಳೂರನ್ನ ಐದು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು! ಕಡತದಲ್ಲಿ ಅದನ್ನ ‘ಸಿ ಮತ್ತು ಡಿ ದರ್ಜೆ’ ಭೂಮಿ ಅಂತ ಬರೆದಿದ್ದರು. ಓದಿದವರಿಗೆ ಬೀಳು ಬಿದ್ದ ಕೆಲಸಕ್ಕೆ ಬಾರದ ನೆಲ ಅನ್ನಿಸಬೇಕು, ಹಾಗಿತ್ತು ಭಾಷೆ. ನೆಲ ಸರ್ಕಾರದ್ದೇ ಹೌದು. ಆದರೆ ಊರ ದನ ಮೇಯ್ತಾ ಇದ್ದದ್ದು ಅಲ್ಲೇ. ಒಲೆಗೆ ಪುಳ್ಳೆ, ನೇಗಿಲಿಗೆ ಮರ, ಗುಡಿಸಲಿಗೆ ಹುಲ್ಲು ಬರ್ತಾ ಇದ್ದದ್ದು ಅಲ್ಲಿಂದಲೇ. ಸ್ವಂತ ತುಂಡು ಭೂಮಿಯೂ ಇಲ್ಲದವನಿಗೆ ಎರಡು ಮೇಕೆ ಸಾಕೋ ಧೈರ್ಯ ಕೊಡ್ತಾ ಇದ್ದದ್ದು ಅದೇ ನೆಲ. ನೀಲಗಿರಿ ಎಲೆಯನ್ನ ದನ ಮೂಸಿಯೂ ನೋಡಲ್ಲ. ನಾಲ್ಕುನೂರು ಮನೆಗಳ ಕುಸನೂರಿನಲ್ಲಿ ಸುಮಾರು 400 ಹೆಕ್ಟೇರ್ ಆಗಲೇ ಕಂಪನಿಗೆ ಹೋಗಿತ್ತು. ಮನೆಗೆ ಒಂದು ಹೆಕ್ಟೇರ್, ಅಂದ್ರೆ ಎರಡೂವರೆ ಎಕರೆ. ಯಾರ ಪಹಣಿಯಲ್ಲೂ ಇಲ್ಲದ ಎರಡೂವರೆ ಎಕರೆ.

ಒಂದು ಕೈಯಲ್ಲಿ ಹಳ್ಳಿಗೆ ಅಧಿಕಾರ, ಇನ್ನೊಂದು ಕೈಯಲ್ಲಿ ಹಳ್ಳಿಯ ನೆಲಕ್ಕೆ ಕೈ. ಹೆಗಡೆಯವರನ್ನ ಈಗಲೂ ಮೆಚ್ಚೋ ಹಿರಿಯರು ಇದನ್ನ ಕೇಳಿದರೆ ಸಿಟ್ಟಾಗ್ತಾರೆ, ಗೊತ್ತು. ನಾನೂ ನಜೀರ್ ಸಾಬರ ಅಭಿಮಾನಿಯೇ. ಆದರೆ ಎರಡೂ ಆಗಿದ್ದು ಒಂದೇ ಸರ್ಕಾರದಲ್ಲಿ. ಒಳ್ಳೆಯವರನ್ನ ಆರಿಸಿ ಕಳಿಸಿದ ಮೇಲೆ ನಮ್ಮ ಕೆಲಸ ಮುಗೀತು ಅಂದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇದನ್ನ ಪ್ರಶ್ನೆ ಮಾಡಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಕಾರ್ಖಾನೆ ತುಂಗಭದ್ರೆಗೆ ಬಿಡ್ತಾ ಇದ್ದ ಕೊಳಕಿನ ವಿರುದ್ಧ ಅದು ಆಗಲೇ ಹೋರಾಟಕ್ಕೆ ಇಳಿದಿತ್ತು. ಮುಂದೆ ನಿಂತವರು ಎಸ್.ಆರ್. ಹಿರೇಮಠ. ಅವರೂ ಇಂಜಿನಿಯರಿಂಗ್ ಓದಿದವರು, ಅಮೆರಿಕದಲ್ಲಿ ಒಳ್ಳೇ ಕೆಲಸದಲ್ಲಿದ್ದು ಬಿಟ್ಟು ಬಂದವರು. (ನಾನೂ ಇಂಜಿನಿಯರಿಂಗ್ ಮಾಡಿ ಟಿವಿಗೆ ಬಂದೆ. ಎರಡನ್ನೂ ಹೋಲಿಸಬೇಡಿ, ದಯವಿಟ್ಟು.) 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅರ್ಜಿದಾರರ ಪೈಕಿ ಡಾ. ಶಿವರಾಮ ಕಾರಂತರೂ ಇದ್ದರು. ಅವರಿಗಾಗ 84 ವರ್ಷ! ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನ ವಾಪಸ್ ಕಳಿಸಿದ್ದ ಮನುಷ್ಯ. 1987ರ ಮಾರ್ಚ್‌ನಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು: ಕಂಪನಿಗೆ ಇನ್ನು ಮುಂದೆ ಹೊಸ ಜಮೀನು ಕೊಡಕೂಡದು.

ಸಾಮಾನ್ಯವಾಗಿ ನಮ್ಮ ಸುದ್ದಿ ಇಲ್ಲಿಗೆ ಮುಗಿಯುತ್ತೆ. ‘ಸುಪ್ರೀಂ ತಪರಾಕಿ’ ಅಂತ ಒಂದು ಕೆಂಪು ಪಟ್ಟಿ ಹಾಕಿ ಮುಂದಿನ ಸುದ್ದಿಗೆ ಹೋಗ್ತೀವಿ. ಅವರು ಅಲ್ಲಿಂದ ಹಳ್ಳಿಗೆ ಹೋದರು. ಮೇ ತಿಂಗಳಲ್ಲಿ ಕುಸನೂರಿನಲ್ಲೇ ಅಹಿಂಸೆಯ ತರಬೇತಿ ಶಿಬಿರ ನಡೆಯಿತು. ಹೌದು, ತರಬೇತಿ. ಪೊಲೀಸರು ಬಂದರೆ ಕಲ್ಲೆತ್ತಬಾರದು ಅನ್ನೋದು ಮನಸ್ಸಿಗೆ ತಾನಾಗೇ ಬರಲ್ಲ, ಅಭ್ಯಾಸ ಮಾಡಬೇಕು. ಹಳ್ಳಿಯವರದ್ದೇ ಆದ ‘ಗುಡ್ಡನಾಡು ಅಭಿವೃದ್ಧಿ ಸಮಿತಿ’ ಹುಟ್ಟಿತು. ಸುತ್ತಲ ಊರುಗಳಲ್ಲಿ ಸಭೆ ಮೇಲೆ ಸಭೆ, ಆರು ತಿಂಗಳು. ಪಟ್ಟಣದವರು ಬಂದು ಭಾಷಣ ಬಿಗಿದು ಹೋಗೋ ಹೋರಾಟ ಆಗಬಾರದು ಅಂತ ಯಾರೋ ಮೊದಲೇ ಯೋಚಿಸಿದ್ದರು ಅನ್ನಿಸುತ್ತೆ.

1987ರ ನವೆಂಬರ್ 14. ಕಂಪನಿಯ ಆದೇಶಕ್ಕೆ ಸರಿಯಾಗಿ ಮೂರು ವರ್ಷ. ಸುಮಾರು ಎರಡು ಸಾವಿರ ಜನ ಕುಸನೂರಿಗೆ ಬಂದರು. ಗಂಡಸರು, ಹೆಂಗಸರು, ಮಕ್ಕಳು. ಶಾಲೆಯ ಅಂಗಳದಲ್ಲಿ ನಿಂತು ಕೈ ಎತ್ತೋದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಮುಂದೆ ವಾದ್ಯ ಬಾರಿಸೋರು, ಹಿಂದೆ ಬ್ಯಾನರು ಹಿಡಿದವರು. ವಿವಾದದ ಜಾಗಕ್ಕೆ ಹೋಗಿ ನೀಲಗಿರಿ ಸಸಿ ಕಿತ್ತರು. ಎಷ್ಟು? ನೂರು. ಎರಡು ಸಾವಿರ ಜನ, ನೂರೇ ನೂರು ಸಸಿ. ಇಪ್ಪತ್ತು ಜನಕ್ಕೊಂದು! ಮನಸ್ಸು ಮಾಡಿದ್ದರೆ ಸಂಜೆಯೊಳಗೆ ಇಡೀ ಗುಡ್ಡ ಬೋಳಾಗ್ತಿತ್ತು. ಕಿತ್ತ ಜಾಗದಲ್ಲೇ ಊರಿಗೆ ಹಣ್ಣು ಕೊಡೋ, ದನಕ್ಕೆ ಮೇವು ಕೊಡೋ ಸಸಿಗಳನ್ನ ನೆಟ್ಟರು. ಹೊರಡೋ ಮುಂಚೆ ಇನ್ನೊಂದು ಪ್ರತಿಜ್ಞೆ: ಈ ಸಸಿಗಳಿಗೆ ನೀರು ಹಾಕಿ ಸಾಕ್ತೀವಿ.

ಇದಕ್ಕೆ ಅವರಿಟ್ಟ ಹೆಸರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. ಮೈಸೂರು ಕಡೆಯವರಿಗೆ ಹಚ್ಚೋದು ಅಂದ್ರೆ ದೀಪ ನೆನಪಾಗುತ್ತೆ. ಧಾರವಾಡ ಸೀಮೆಯಲ್ಲಿ ಸಸಿ ನೆಡೋದಕ್ಕೂ ‘ಹಚ್ಚೋದು’ ಅಂತಲೇ ಅಂತಾರೆ. ನನಗೆ ಈ ಹೆಸರಿನ ಮೊದಲ ಅರ್ಧ ಚೆನ್ನಾಗಿ ಅರ್ಥವಾಗುತ್ತೆ, ಅದು ನಮ್ಮ ಸ್ಟುಡಿಯೊದ ಭಾಷೆ. ಪ್ರತಿ ರಾತ್ರಿ ಒಬ್ಬರನ್ನಾದರೂ ಬೇರುಸಮೇತ ಕೀಳ್ತೀವಿ. ಎರಡನೇ ಅರ್ಧಕ್ಕೆ ನಮ್ಮಲ್ಲಿ ಸ್ಲಾಟ್ ಇಲ್ಲ. ಸಸಿಗೆ ನೀರು ಹಾಕೋದನ್ನ ಲೈವ್ ತೋರಿಸಿದರೆ ಯಾರು ನೋಡ್ತಾರೆ?

ಮುಂದೆ ಎಲ್ಲ ಸಲೀಸಾಗಿ ಆಯಿತು ಅಂತ ತಿಳ್ಕೋಬೇಡಿ. 1988ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ತಡೆಯಾಜ್ಞೆಯನ್ನ ಭಾಗಶಃ ಸಡಿಲಿಸಿತು. ಕಂಪನಿಗೆ ಇನ್ನಷ್ಟು ಜಮೀನು ಸಿಕ್ಕಿತು. ಕೋರ್ಟನ್ನೇ ನಂಬಿ ಕೂತಿದ್ದರೆ ಕತೆ ಅಲ್ಲಿಗೆ ಮುಗೀತಿತ್ತು. ಶಿಬಿರಗಳು ಮತ್ತೆ ಶುರುವಾದವು. ಪತ್ರಿಕೆಗಳಲ್ಲಿ ಲೇಖನಗಳು ಬಂದವು. ಜೂನ್‌ನಲ್ಲಿ ಸರ್ಕಾರದ ಮುಖ್ಯ ಕಾರ್ಯದರ್ಶಿ ಎಲ್ಲರನ್ನೂ ಕೂರಿಸಿ, ವಿಜ್ಞಾನಿ ಮಾಧವ ಗಾಡ್ಗೀಳರ ಏಕಸದಸ್ಯ ಆಯೋಗ ಮಾಡೋಣ, ಅಲ್ಲಿಯವರೆಗೆ ಇಬ್ಬರೂ ಸುಮ್ಮನಿರಿ ಅಂದರು. ಆಯೋಗ ರಚನೆಯೇ ಆಗಲಿಲ್ಲ. ಜುಲೈನಲ್ಲಿ ಕಂಪನಿ ಮತ್ತೆ ನೀಲಗಿರಿ ನೆಡಲು ಶುರು ಮಾಡಿತು, ಆಗಸ್ಟ್‌ನಲ್ಲಿ ಜನ ಮತ್ತೆ ಕಿತ್ತರು. ಈ ಸಲ ಪೊಲೀಸರು ಹಿಡಿದುಕೊಂಡು ಹೋದರು.

ಅದೇ ಆಗಸ್ಟ್‌ನಲ್ಲಿ ಹೆಗಡೆ ಫೋನ್ ಕದ್ದಾಲಿಕೆ ಹಗರಣದಲ್ಲಿ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಬಂದರು, ಎಂಟು ತಿಂಗಳಲ್ಲಿ ವಜಾ ಆದರು. ರಾಷ್ಟ್ರಪತಿ ಆಳ್ವಿಕೆ. ಆಮೇಲೆ ವೀರೇಂದ್ರ ಪಾಟೀಲ್, ಆಮೇಲೆ ಬಂಗಾರಪ್ಪ. ದೆಹಲಿಯಲ್ಲಿ ರಾಜೀವ್ ಹೋಗಿ ವಿ.ಪಿ. ಸಿಂಗ್, ಅವರು ಹೋಗಿ ಚಂದ್ರಶೇಖರ್, ಆಮೇಲೆ ನರಸಿಂಹ ರಾವ್. ಕುಸನೂರಿನ ಜನ ಸಸಿ ಕಿತ್ತ ದಿನದಿಂದ ನಾಲ್ಕು ವರ್ಷ ತುಂಬೋದರೊಳಗೆ ನಾಲ್ಕು ಪ್ರಧಾನಿಗಳು, ನಾಲ್ಕು ಮುಖ್ಯಮಂತ್ರಿಗಳು, ಎರಡು ಲೋಕಸಭಾ ಚುನಾವಣೆ. ಬೊಫೋರ್ಸ್ ಹೆಸರಲ್ಲಿ ಒಂದು ಸರ್ಕಾರ ಬಿತ್ತು, ಮಂಡಲ್-ಮಂದಿರದ ಗಲಾಟೆಯಲ್ಲಿ ಇನ್ನೊಂದು. ಇಷ್ಟೆಲ್ಲ ಆಗ್ತಾ ಇದ್ದಾಗ ಈ ಜನ ಒಂದೇ ಮಾತು ಹಿಡಿದು ಕೂತಿದ್ದರು: ನಮ್ಮ ಗುಡ್ಡ ನಮಗೆ ಬಿಡಿ. ಯಾವ ಪಕ್ಷ ಕುರ್ಚಿಯಲ್ಲಿದ್ದರೂ ಅರ್ಜಿ ಅದೇ, ವಿಳಾಸದಲ್ಲಿ ಹೆಸರು ಮಾತ್ರ ಬೇರೆ. 1991ರ ಅಕ್ಟೋಬರ್‌ನಲ್ಲಿ ಸರ್ಕಾರ ಕಂಪನಿಯನ್ನ ಮುಚ್ಚೋ ತೀರ್ಮಾನ ಮಾಡಿತು.

ಈ ನಡುವೆ ಕಾರಂತರು ದೆಹಲಿಯ ದಾರಿಯನ್ನೂ ಹಿಡಿದು ನೋಡಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಕೈಗಾ ಅಣುಸ್ಥಾವರದ ವಿರುದ್ಧ ಕೂಗು ಎದ್ದಿದ್ದ ಜಿಲ್ಲೆ ಅದು. 87 ವರ್ಷದ ಕಾರಂತರು ಸೋತರು. ಕೈಗಾ ಸ್ಥಾವರವೂ ಎದ್ದು ನಿಂತಿತು. ಅವರು ನಿಂತಿದ್ದು ತಪ್ಪು ಅಂತ ನಾನು ಹೇಳಲ್ಲ, ಯಾರಾದರೂ ನಿಲ್ಲಲೇಬೇಕು. ಮತ ಹಾಕಬೇಡಿ ಅಂತಲೂ ಹೇಳ್ತಾ ಇಲ್ಲ, ಅದು ಐದು ವರ್ಷಕ್ಕೊಮ್ಮೆ ಅರ್ಧ ದಿನದ ಕೆಲಸ. ಉಳಿದ ದಿನಗಳ ಲೆಕ್ಕ ಕೇಳ್ತಾ ಇದ್ದೀನಿ, ಅಷ್ಟೆ.

ಗೆಲುವೂ ಪೂರ್ತಿ ಅಲ್ಲ. ಮುಚ್ಚಿದ್ದು ಜಂಟಿ ಕಂಪನಿ, ಕಾರ್ಖಾನೆ ಅಲ್ಲ. ಅದೇ ಕಾಲದಲ್ಲಿ ಕೋಲಾರದ ಕಡೆ ರೈತರೇ ರಾಗಿ ಬಿಟ್ಟು ತಮ್ಮ ಹೊಲಕ್ಕೆ ನೀಲಗಿರಿ ಹಾಕಿದರು, ಸರ್ಕಾರವೇ ಸಸಿ ಕೊಟ್ಟಿತು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ರಾಜ್ಯ ಸರ್ಕಾರ ಹೇಳಿದ್ದು 2017ರಲ್ಲಿ. ಕುಸನೂರಿನವರು ಅದನ್ನ ಹೇಳಿ ಮೂವತ್ತು ವರ್ಷ ಆಗಿತ್ತು.

ಇನ್ನೊಂದು ವಿಷಯ ಹೇಳಿಬಿಡ್ತೀನಿ. 2011ರ ಜುಲೈ ಕೊನೆಯ ವಾರ ನೆನಪಿದೆಯಾ? ಗಣಿ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟಿದ್ದರು. ಯಡಿಯೂರಪ್ಪ ರಾಜೀನಾಮೆ ಕೊಡ್ತಾರಾ, ಇಲ್ಲವಾ? ಕೊಟ್ಟರೆ ಮುಂದಿನ ಮುಖ್ಯಮಂತ್ರಿ ಯಾರು? ಹಾಸ್ಟೆಲ್ ಟಿವಿ ಮುಂದೆ ನಾವೆಲ್ಲ ಊಟದ ತಟ್ಟೆ ಹಿಡಿದು ಕೂತಿದ್ದೆವು, ಬೆಟ್ಟಿಂಗೂ ನಡೀತಿತ್ತು. ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಇಡೀ ರಾಜ್ಯದ ರಾಜಕೀಯವನ್ನ ಕೊಂಡುಕೊಂಡಿದ್ದ ಅದಿರಿನ ಲಾರಿಗಳು ನಿಂತವು. ನಮ್ಮ ಗಮನ ಮಾತ್ರ ಕುರ್ಚಿಯ ಮೇಲೇ. ಆ ಕೇಸು ಹಾಕಿದ್ದು ಯಾರು ಅಂತ ನಮ್ಮ ರೂಮಿನಲ್ಲಿ ಒಬ್ಬರೂ ಕೇಳಲಿಲ್ಲ. 2009ರಲ್ಲಿ ಅದನ್ನ ಹಾಕಿದ್ದು ಅದೇ ಸಮಾಜ ಪರಿವರ್ತನ ಸಮುದಾಯ ಅಂತ ನನಗೆ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿ ಎಷ್ಟೋ ದಿನ ಆದ ಮೇಲೆ.

ಕೋಲಾರದ ಆ ವೀಕ್ಷಕರಿಗೆ ಇಷ್ಟೆಲ್ಲ ಮೆಸೇಜಿನಲ್ಲಿ ಬರೆಯೋಕಾಗಲ್ಲ. ಒಂದೇ ಸಾಲು ಕಳಿಸಿದೆ: ‘ನಿಮ್ಮೂರ ಗೋಮಾಳ ಎಷ್ಟು ಎಕರೆ? ಈಗ ಯಾರ ಹತ್ರ ಇದೆ?’

ಎರಡು ದಿನ ಉತ್ತರ ಇಲ್ಲ. ಬೇಜಾರು ಮಾಡ್ಕೊಂಡರು ಅಂದುಕೊಂಡೆ. ಮೂರನೇ ದಿನ ಬಂತು: ‘ತಾಲ್ಲೂಕಾಫೀಸಲ್ಲಿ ಸೋಮವಾರ ಬಾ ಅಂದವ್ರೆ ಸಾರ್. ಹೋಗಿ ನೋಡ್ತೀನಿ.’