ಕೃತಕ ಮೂತ್ರಪಿಂಡಕ್ಕೆ ಗಣಿತದ ನೆರವು

ಮೂತ್ರಪಿಂಡ ಕೆಟ್ಟವರ ರಕ್ತವನ್ನು ದೇಹದ ಹೊರಗೆ ಹರಿಸಿ, ಶುದ್ಧಿಮಾಡಿ ಮರಳಿಸುವ ಕ್ರಮಕ್ಕೆ ಡಯಾಲಿಸಿಸ್ ಎಂದು ಹೆಸರು. ಬೆಂಗಳೂರಿನ ಸಂಜಯನಗರದಂಥ ಬಡಾವಣೆಗಳಿಂದ ವಾರಕ್ಕೆ ಎರಡು ಮೂರು ಬಾರಿ ಇದಕ್ಕಾಗಿ ಆಸ್ಪತ್ರೆಗೆ ಹೋಗಿಬರುವವರುಂಟು. ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿರಬೇಕು. “ಇವತ್ತು ಒಂದು ಗಂಟೆ ಮುಂಚೆ ಬಿಟ್ಟುಬಿಡಿ” ಎಂದು ಬೇಡುವುದು ಸಹಜವೇ. ಬಿಟ್ಟರೇನು ನಷ್ಟ? ಇದಕ್ಕೆ ಉತ್ತರ ದೊರೆತದ್ದು ಗಣಿತದಿಂದ.

1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ತಿರುಗುವ ಪೀಪಾಯಿಗೆ ಸೆಲೋಫೇನ್ ಕೊಳವೆ ಸುತ್ತಿ ಯಂತ್ರವೊಂದನ್ನು ಕಟ್ಟಿದರು. ಮೊದಮೊದಲ ರೋಗಿಗಳಲ್ಲಿ ಬಹುಪಾಲು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ವೃದ್ಧೆಯೊಬ್ಬರು ಬದುಕಿದರು. 1960ರಲ್ಲಿ ಅಮೆರಿಕದ ಸಿಯಾಟಲಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರಕ್ತನಾಳದಲ್ಲಿಯೇ ಇರಿಸಬಹುದಾದ ಟೆಫ್ಲಾನ್ ನಳಿಕೆಯನ್ನು ಬಳಕೆಗೆ ತಂದರು. ಅಲ್ಲಿಂದ ವರ್ಷಗಟ್ಟಲೆ ಚಿಕಿತ್ಸೆ ಸಾಧ್ಯವಾಯಿತು. ಆದರೆ ಎಷ್ಟು ಶುದ್ಧಿ ಸಾಕೆಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇರಲಿಲ್ಲ.

ಅಮೆರಿಕದ ಹಲವು ಕೇಂದ್ರಗಳು ಕೂಡಿ ನಡೆಸಿದ ಪರೀಕ್ಷೆಯ ಫಲ 1981ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯೂರಿಯ ಹೆಚ್ಚಾಗಿ ಉಳಿದವರು ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಅದೇ ಅಂಕಿಗಳಿಂದ ಫ್ರಾಂಕ್ ಗಾಚ್ ಮತ್ತು ಜಾನ್ ಸಾರ್ಜೆಂಟ್ 1985ರಲ್ಲಿ ಸರಳವಾದೊಂದು ಅಳತೆಯನ್ನು ಮುಂದಿಟ್ಟರು: ಯಂತ್ರವು ನಿಮಿಷಕ್ಕೆ ಶುದ್ಧಿಮಾಡುವ ಪ್ರಮಾಣವನ್ನು ನಿಮಿಷಗಳಿಂದ ಗುಣಿಸಿ, ದೇಹದಲ್ಲಿರುವ ನೀರಿನ ಮೊತ್ತದಿಂದ ಭಾಗಿಸುವುದು.

ಹಂಡೆಯಲ್ಲಿ 40 ಲೀಟರು ಉಪ್ಪುನೀರಿದೆಯೆನ್ನಿ. ಒಂದೊಂದೇ ಚೊಂಬು ತೆಗೆದು, ಅಷ್ಟೇ ಸಿಹಿನೀರು ಹೊಯ್ಯಿರಿ. ಹೀಗೆ 40 ಲೀಟರು ತೆಗೆದ ಮೇಲೂ ನೂರಕ್ಕೆ ಸುಮಾರು 37 ಪಾಲು ಉಪ್ಪು ಉಳಿದೇ ಇರುತ್ತದೆ. ಹೊಯ್ದ ಸಿಹಿನೀರೂ ಹಳೆಯದರೊಡನೆ ಬೆರೆತು ಹೊರಬರುತ್ತದಲ್ಲವೆ? ದೇಹದಲ್ಲಿಯೂ ಹೀಗೆಯೇ. ನಿಮಿಷಕ್ಕೆ 200 ಮಿಲಿಲೀಟರಿನಂತೆ 240 ನಿಮಿಷಕ್ಕೆ 48 ಲೀಟರು. 40ರಿಂದ ಭಾಗಿಸಿದರೆ 1.2. ವಾರಕ್ಕೆ ಮೂರು ಸಲದ ಚಿಕಿತ್ಸೆಯಲ್ಲಿ ಪ್ರತಿ ಸಲಕ್ಕೂ ಕನಿಷ್ಠವೆಂದು ವೈದ್ಯರು ಹಿಡಿದಿರುವ ಅಂಕಿ ಇದೇ. ಆಗ ನೂರಕ್ಕೆ 30 ಪಾಲು ಯೂರಿಯ ಉಳಿಯುತ್ತದೆ. ಒಂದು ಗಂಟೆ ತಗ್ಗಿಸಿದರೆ ಅಂಕಿ 0.9ಕ್ಕೆ ಇಳಿದು, ಸುಮಾರು 41 ಪಾಲು ಉಳಿಯುತ್ತದೆ.

ಹಾಗೆಂದು ಅಂಕಿ ಏರಿದಷ್ಟೂ ಆಯುಸ್ಸು ಏರುವುದೆಂದಲ್ಲ. 1,846 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ‘ಹೆಮೋ’ ಪರೀಕ್ಷೆಯಲ್ಲಿ, ರೂಢಿಗಿಂತ ಹೆಚ್ಚಿನ ಶುದ್ಧಿಯಿಂದ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ರಕ್ತದಲ್ಲಿರುವ ಕಶ್ಮಲ ಯೂರಿಯವೊಂದೇ ಅಲ್ಲವಷ್ಟೆ. ಆದರೂ ಕೆಳಗಿಳಿಯಬಾರದ ಮೆಟ್ಟಿಲು ಯಾವುದೆಂಬುದನ್ನು ಗಣಿತ ತೋರಿಸಿಕೊಟ್ಟಿದೆ. ಬೇಸರದ ಆ ನಾಲ್ಕನೆಯ ಗಂಟೆಯೂ ಔಷಧದ ಒಂದು ಗುಟುಕೇ ಸರಿ.