ಗೊಡ್ಡೆಮ್ಮೆಯ ಹಡಗುದಾರಿ

ಅಂಬರನಾಥದಲ್ಲಿ ಲೋಕಲ್ ಹತ್ತಿದರೆ ಉಲ್ಲಾಸನಗರ, ವಿಠ್ಠಲವಾಡಿ, ಮೂರನೆಯದು ಕಲ್ಯಾಣ. ಇಳಿಯುವವರಿಗೂ ಹತ್ತುವವರಿಗೂ ದಿನಾ ಯುದ್ಧ ನಡೆಯುವ ಈ ಜಂಕ್ಷನ್ ಎರಡು ಸಾವಿರ ವರ್ಷದ ಹಿಂದೆ ಬಂದರಾಗಿತ್ತು. ಕ್ರಿ.ಶ. ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಕಡಲದಾರಿಯ ಕೈಪಿಡಿಯಲ್ಲಿ ಅದರ ಹೆಸರು ಕಲ್ಲಿಯೆನ. ಹಿರಿಯ ಸರಗನಸ್ ಎಂಬ ದೊರೆಯ ಕಾಲದಲ್ಲಿ ಅಲ್ಲಿ ವ್ಯಾಪಾರಕ್ಕೆ ಪೂರ್ಣ ಅನುಮತಿ ಇತ್ತಂತೆ. ಊರು ಇನ್ನೊಬ್ಬನ ಕೈಗೆ ಹೋದಮೇಲೆ ಅಡ್ಡಿ ಶುರುವಾಯಿತು. ಅಪ್ಪಿತಪ್ಪಿ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚಿಗೆ ಎಳೆದೊಯ್ಯುವುದೂ ಉಂಟು ಎಂದು ಬರೆದಿದೆ. ರಫ್ತಿನ ಕಾಗದಗಳ ನಡುವೆಯೇ ಕೂದಲು ನೆರೆಸಿಕೊಂಡ ನನಗೆ ಇದನ್ನು ಓದಿ ನಗು ಬಂತು. ಸರಕು ಕೆಟ್ಟದ್ದು ಅಂತ ಯಾರೂ ಹೇಳಿಲ್ಲ. ಬಾಗಿಲಲ್ಲಿ ಕೂತವನು ಬದಲಾದ, ಅಷ್ಟೆ.

ಠಾಣೆಯ ಕಥೆ ನಮ್ಮ ವಿಷಯಕ್ಕೆ, ಅಂದರೆ ಎಮ್ಮೆ ಮಾಂಸದ ರಫ್ತಿಗೆ, ಇನ್ನೂ ಹತ್ತಿರ. 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಈ ರಾಜ್ಯದ ಬಗ್ಗೆ ಹೇಳುವಾಗ ಮೆಣಸು ಇಲ್ಲಿ ಬೆಳೆಯುವುದಿಲ್ಲ, ಆದರೆ ಬಗೆಬಗೆಯ ಒಳ್ಳೆಯ ಚರ್ಮ ಹಡಗು ಹತ್ತುತ್ತದೆ ಎನ್ನುತ್ತಾನೆ. ರಾಜನಿಗೂ ಕಡಲ್ಗಳ್ಳರಿಗೂ ಒಪ್ಪಂದ ಇತ್ತಂತೆ: ದೋಚಿದ ಹಡಗಿನಲ್ಲಿ ಕುದುರೆ ಸಿಕ್ಕರೆ ರಾಜನಿಗೆ, ಉಳಿದದ್ದೆಲ್ಲ ಕಳ್ಳರಿಗೆ. ಸುಂಕದ ದರಪಟ್ಟಿ ಇಷ್ಟು ಸರಳವಾಗಿ ಆಮೇಲೆ ಎಂದೂ ಇರಲಿಲ್ಲ. ನನ್ನ ಲಕ್ಷ್ಯ ಮಾತ್ರ ಆ ಚರ್ಮದ ಮೇಲೆ. ಚರ್ಮ ಹೋಗುತ್ತಿತ್ತು ಎಂದರೆ ದನ, ಎಮ್ಮೆ, ಆಡು ಇದ್ದವು. ಅವುಗಳ ಹಾಲು, ದುಡಿಮೆ, ಮಾಂಸ ಇಲ್ಲೇ ಖರ್ಚಾಗಿ, ಕೆಡದೆ ಉಳಿಯುವ ಭಾಗ ಮಾತ್ರ ಕಡಲು ದಾಟುತ್ತಿತ್ತು. ಮಾಂಸ ದಾಟಬೇಕಾದರೆ ಮಂಜುಗಡ್ಡೆಯ ಯಂತ್ರ ಬರುವವರೆಗೆ ಕಾಯಬೇಕಾಯಿತು.

ನಾನು ಈ ದಂಧೆಗೆ ಬಂದದ್ದು ಕ್ಲಿಯರಿಂಗ್ ಏಜೆಂಟರ ಕಚೇರಿಯ ಟೈಪಿಸ್ಟ್ ಆಗಿ, ಬ್ಯಾಲಾರ್ಡ್ ಎಸ್ಟೇಟಿನಲ್ಲಿ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಅಂಬರನಾಥದ ವಿಮ್ಕೊ ಬೆಂಕಿಪೆಟ್ಟಿಗೆ ಕಾರ್ಖಾನೆ ಸೇರಿದವರು. ನಮ್ಮದು ಮೀನು ತಿನ್ನುವ ಮನೆ. ಎಮ್ಮೆ ಮಾಂಸದ ಹೆಸರೆತ್ತುವಂತಿರಲಿಲ್ಲ. “ಎಂತ ಕೆಲ್ಸ ಹೆಣೆ ಅದ್? ಮಾಂಸದ ಲೆಕ್ಕ ಬರೂದಾ?” ಎಂದು ಅಮ್ಮ ಕೇಳಿದಾಗ, “ಬರೀ ಕಾಗ್ದ ಅಮ್ಮ” ಎಂದಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಹಡಗಿಗೆ ಹೋಗುವ ಎಮ್ಮೆಯನ್ನು ನಾನು ಎಂದೂ ನೋಡಿಲ್ಲ, ಅದರ ಕಾಗದಗಳನ್ನು ಮಾತ್ರ ನೋಡಿದ್ದೇನೆ.

ಎಮ್ಮೆ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಕಚೇರಿಗೆ ಹೋಗದೆಯೂ ಗೊತ್ತಿತ್ತು. ಕಲ್ಯಾಣದ ಖಾಡಿಯ (ಕಡಲ ಹಿನ್ನೀರಿನ) ಬದಿಯಲ್ಲಿ ಎಮ್ಮೆ ಕಟ್ಟುವ ತಬೇಲಾಗಳಿದ್ದವು. ಮುಂಬಯಿಯ ಚಹಾ ನಡೆಯುತ್ತಿದ್ದುದೇ ಇಂಥ ತಬೇಲಾಗಳ ಹಾಲಿನಿಂದ. ಹರಿಯಾಣದ ಮುರ್ರಾ, ಗುಜರಾತಿನ ಜಾಫರಾಬಾದಿ, ಮೆಹಸಾಣಿ ಎಮ್ಮೆಗಳು ಕರು ಹಾಕಿದ ಹೊಸದರಲ್ಲಿ ಇಲ್ಲಿಗೆ ಬರುತ್ತಿದ್ದವು. ಹಾಲು ಬತ್ತಿದರೆ ಇಲ್ಲಿನ ಭಾಷೆಯಲ್ಲಿ ‘ಭಾಕಡ’. ಇನ್ನೊಂದು ಸಲ ಗಬ್ಬವಾಗಿ ಕರು ಹಾಕುವವರೆಗೆ ಮೇವು ಹಾಕಲು ಶಹರದಲ್ಲಿ ಯಾರಿಗೂ ಪೂರೈಸುವುದಿಲ್ಲ. ಹೀಗಾಗಿ ದೇಶದ ಅತ್ಯುತ್ತಮ ಎಮ್ಮೆಗಳು ಒಂದೇ ಸೂಲು ಹಾಲು ಕೊಟ್ಟು ಬಾಂದ್ರಾದ ಹಳೆಯ ಕಸಾಯಿಖಾನೆಗೆ ಹೋದವು. ಗಂಡುಕರುವಿನ ಪಾಡು ಇನ್ನೂ ಕೆಟ್ಟದ್ದು. ಅದು ಕುಡಿಯುವ ಹಾಲೇ ನಷ್ಟದ ಬಾಬ್ತು. ಎಮ್ಮೆಗಳನ್ನು ಶಹರದ ಹೊರಗಿಡಲು 1949ರಲ್ಲಿ ಆರೇ ಕಾಲೊನಿ ಬಂತು, 1976ರಲ್ಲಿ ಶಹರದಲ್ಲಿ ಜಾನುವಾರು ಸಾಕುವುದಕ್ಕೆ ಕಡಿವಾಣದ ಕಾಯಿದೆ ಬಂತು, ದೂರದ ದಾಪಚರಿಯಲ್ಲಿ ಜಾಗ ತೋರಿಸಿದ್ದೂ ಆಯಿತು. ಗೊಡ್ಡೆಮ್ಮೆಯ ಲೆಕ್ಕ ಮಾತ್ರ ಬದಲಾಗಲಿಲ್ಲ.

ಬ್ರೆಜಿಲ್, ಆಸ್ಟ್ರೇಲಿಯಾಗಳಲ್ಲಿ ಮಾಂಸಕ್ಕೆಂದೇ ಸಾವಿರಾರು ದನ ಸಾಕುತ್ತಾರೆ. ನಮ್ಮಲ್ಲಿ ಅಂಥ ಸಾಕಣೆ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಲೆಕ್ಕ ಮುಗಿದಮೇಲೆ ಉಳಿಯುವ ಪ್ರಾಣಿಯೇ ನಮ್ಮ ರಫ್ತು. ಮೇವಿನ ಖರ್ಚನ್ನು ಹಾಲು ಆಗಲೇ ತೀರಿಸಿರುವುದರಿಂದ ನಮ್ಮ ಮಾಂಸ ಅಗ್ಗ. ನಮ್ಮ ಎಲ್ಲ ತೊಡಕುಗಳೂ ಈ ಉಳಿಕೆಯ ಲೆಕ್ಕದಿಂದಲೇ ಹುಟ್ಟುತ್ತವೆ ಎಂಬುದು ನನ್ನ ವಾದ.

1971ರಲ್ಲಿ ದೇವನಾರದ ದೊಡ್ಡ ಕಸಾಯಿಖಾನೆ ತೆರೆಯಿತು. ಅದರ ಬೆನ್ನಿಗೇ, 1973ರಲ್ಲಿ, ಎಣ್ಣೆಯ ಬೆಲೆ ಏರಿತು. ಕೊಲ್ಲಿ ದೇಶಗಳಲ್ಲಿ ಕಟ್ಟಡ ಎದ್ದವು, ನಮ್ಮ ಕರಾವಳಿಯ ಹುಡುಗರು ವಿಮಾನ ಹತ್ತಿದರು, ಅವರ ಹಿಂದೆಯೇ ಮಾಂಸವೂ ಹೋಯಿತು. 1986ರಲ್ಲಿ ಕೃಷಿ ಮತ್ತು ಸಂಸ್ಕರಿತ ಆಹಾರದ ರಫ್ತು ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಅಪೇಡಾ ಹುಟ್ಟಿತು. ನೋಂದಣಿ ಪಡೆದ ಕಾರ್ಖಾನೆಗಳ ಸರಕಷ್ಟೇ ಹಡಗು ಹತ್ತಬೇಕು ಎಂಬ ಕಟ್ಟುನಿಟ್ಟು ಬಂತು. 1989ರಲ್ಲಿ ನ್ಹಾವಾ ಶೇವಾದಲ್ಲಿ ಹೊಸ ಬಂದರು ತೆರೆದಮೇಲೆ ನಮ್ಮ ಕೆಲಸವೆಲ್ಲ ಖಾಡಿಯ ಆಚೆ ಸರಿಯಿತು. ತಳೋಜಾ, ತುರ್ಭೆಗಳಲ್ಲಿ ಕೋಲ್ಡ್ ಸ್ಟೋರೇಜ್‌ಗಳು ಎದ್ದವು.

ಹೊರಗಿನವರಿಗೆ ನಮ್ಮ ಮಾಂಸದ ಮೇಲಿರುವ ಮುಖ್ಯ ಅನುಮಾನ ಕಾಲುಬಾಯಿ ಬೇನೆಯದು. ಅದು ಮನುಷ್ಯರಿಗೆ ಹಾನಿ ಮಾಡುವ ರೋಗ ಅಲ್ಲ. ಆದರೆ ಒಂದು ದೇಶದ ಹಿಂಡಿಗೆ ತಗುಲಿದರೆ ಆ ದೇಶದ ರಫ್ತೇ ನಿಲ್ಲುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ನನಗೆ ಈಗಲೂ ಸೋಜಿಗ. ಕಡಿದ ದೇಹವನ್ನು ಒಂದು ದಿನ ತಣ್ಣಗಿನ ಕೋಣೆಯಲ್ಲಿ, ಹೆಪ್ಪುಗಟ್ಟದಂತೆ ತೂಗುಹಾಕುತ್ತಾರೆ. ಸ್ನಾಯುವಿನಲ್ಲಿ ತಾನಾಗಿ ಆಮ್ಲ ಹುಟ್ಟಿ, ಬೆನ್ನಿನ ಸ್ನಾಯುವಿನ ಪಿಎಚ್ 6ಕ್ಕಿಂತ ಕೆಳಗಿಳಿದರೆ ವೈರಸ್ ಅಲ್ಲಿ ಬದುಕುವುದಿಲ್ಲ. ಮೂಳೆಯ ಮಜ್ಜೆಗೂ ಗ್ರಂಥಿಗಳಿಗೂ ಆ ಆಮ್ಲ ತಲುಪದು. ಅದಕ್ಕೇ ಅವೆರಡನ್ನೂ ಕಿತ್ತುಹಾಕಬೇಕು. ನಮ್ಮ ಸರ್ಕಾರ ಮೂಳೆಯಿಲ್ಲದ ಎಮ್ಮೆ ಮಾಂಸವನ್ನಷ್ಟೇ ಹೊರಬಿಡುತ್ತದೆ. ದನ, ಎತ್ತು, ಕರುವಿನದು ಪೂರ್ತಿ ನಿಷಿದ್ಧ. ಆಮೇಲೆ 20 ಕಿಲೋದ ರಟ್ಟಿನ ಪೆಟ್ಟಿಗೆ, ಮೈನಸ್ 18 ಡಿಗ್ರಿ, ನಲವತ್ತು ಅಡಿಯ ರೀಫರ್ ಡಬ್ಬದಲ್ಲಿ (ಶೀತಲ ಕಂಟೇನರಿನಲ್ಲಿ) ಸುಮಾರು 28 ಟನ್. ಅದರ ಹಿಂದೆ ನಮ್ಮ ಕಡತ: ಪಶುವೈದ್ಯರ ಆರೋಗ್ಯಪತ್ರ, ಹಲಾಲ್ ಪತ್ರ, ಲ್ಯಾಬ್ ವರದಿ, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್. ಆರೋಗ್ಯಪತ್ರದ ತಾರೀಖು ಹಡಗಿನ ತಾರೀಖಿಗಿಂತ ಒಂದು ದಿನ ಈಚೆಗಿತ್ತೆಂದು ಕೊಲ್ಲಿಯ ಬಂದರೊಂದು ಡಬ್ಬ ತಡೆದದ್ದುಂಟು. ಮಾಂಸ ಚೆನ್ನಾಗಿತ್ತು, ಕರೆಂಟಿನ ಬಾಡಿಗೆ ಮತ್ತು ಡೆಮರೇಜ್ (ತಡವಾದದ್ದರ ದಂಡ) ಸೇರಿ ಲಾಭ ತಿಂದುಹಾಕಿದವು.

ಕಾರ್ಖಾನೆಗಳು ಕ್ರಮೇಣ ಉತ್ತರಕ್ಕೆ, ಅಲಿಗಢ, ಮೇರಠ, ಉನ್ನಾವ್ ಕಡೆಗೆ ಬೆಳೆದವು. ಅಲ್ಲಿನ ಡಬ್ಬಗಳು ದಾದ್ರಿಯಿಂದ ರೈಲಿನಲ್ಲಿ ವಸಯಿ-ದಿವಾ ಹಳಿ ಹಿಡಿದು ಬಂದರಿಗೆ ಬರುತ್ತವೆ. ಡೊಂಬಿವಲಿಯ ಪಕ್ಕದ ಕೋಪರ್‌ನಲ್ಲಿ ಮೇಲಿನ ಪ್ಲಾಟ್‌ಫಾರಂ ಮೇಲೆ ನಿಂತವರು ಉದ್ದನೆಯ ಡಬ್ಬದ ಗಾಡಿ ಮುಗಿಯುವವರೆಗೆ ಕಾದಿರುತ್ತಾರೆ.

2014-15ರಲ್ಲಿ ಹೋದದ್ದು ಸುಮಾರು 14.75 ಲಕ್ಷ ಟನ್, ಬೆಲೆ 29 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ಬಲು ದೊಡ್ಡ ಪಾಲು ಕಾಗದದ ಮೇಲೆ ವಿಯೆಟ್ನಾಂನ ಹೈಫಾಂಗಿಗೆ. ವಿಯೆಟ್ನಾಮಿನವರು ಅಷ್ಟು ಎಮ್ಮೆ ತಿನ್ನುತ್ತಾರೆಯೇ ಎಂದು ಕೇಳಿದರೆ ಕಚೇರಿಯಲ್ಲಿ ಎಲ್ಲರೂ ಮುಗುಳ್ನಗುತ್ತಿದ್ದರು. ಬಹುಪಾಲು ಗಡಿ ದಾಟಿ ಚೀನಾಕ್ಕೆ ಹೋಗುತ್ತಿತ್ತು. ಚೀನಾ ಕಾಲುಬಾಯಿ ಬೇನೆಯ ಕಾರಣಕ್ಕೆ ಮುಂಬಾಗಿಲು ಮುಚ್ಚಿತ್ತು. 2013ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಎಮ್ಮೆ ಮಾಂಸದ ಒಪ್ಪಂದಕ್ಕೆ ಸಹಿಯಾದಮೇಲೂ ದಂಧೆ ನಡೆದದ್ದು ಹಿಂಬಾಗಿಲಿನಿಂದಲೇ. ಗಡಿಯಲ್ಲಿ ಚೀನೀ ಪೊಲೀಸರು ಬಿಗಿ ಮಾಡಿದ ವಾರ ನಮ್ಮಲ್ಲಿ ಎಮ್ಮೆಯ ದರ ಇಳಿಯುತ್ತಿತ್ತು. ಹಿಂಬಾಗಿಲನ್ನು ನಂಬಿ ಮನೆ ಕಟ್ಟಿದ್ದು ನಮ್ಮ ರಫ್ತುದಾರರ ದೊಡ್ಡ ಅವಿವೇಕ.

ಮನೆಯೊಳಗಿನ ಬಾಗಿಲುಗಳದ್ದು ಬೇರೆ ಕಥೆ. 2015ರಲ್ಲಿ ಮಹಾರಾಷ್ಟ್ರ ಹೋರಿ, ಎತ್ತುಗಳ ವಧೆ ನಿಷೇಧಿಸಿತು, ಎಮ್ಮೆಗೆ ವಿನಾಯಿತಿ. ಕರ್ನಾಟಕದ 2020ರ ಕಾಯಿದೆ 13 ವರ್ಷ ದಾಟಿದ ಎಮ್ಮೆಯನ್ನಷ್ಟೇ ಬಿಟ್ಟಿತು. ಕಾಯಿದೆಯಲ್ಲಿ ವಿನಾಯಿತಿ ಇದ್ದರೇನು, ರಾತ್ರಿ ಹೆದ್ದಾರಿಯಲ್ಲಿ ಲಾರಿ ತಡೆಯುವವರು ಕಾಯಿದೆ ಓದಿ ಬಂದಿರುವುದಿಲ್ಲ. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸಂತೆಯಲ್ಲಿ ವಧೆಗಾಗಿ ಜಾನುವಾರು ಮಾರಬಾರದೆಂದಿತು, ಎಮ್ಮೆಯೂ ಸೇರಿ. ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಸಿಕ್ಕಿದ್ದ ತಡೆಯಾಜ್ಞೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಇಷ್ಟೆಲ್ಲದರ ನಡುವೆ 2023-24ರಲ್ಲಿ ಸುಮಾರು 13 ಲಕ್ಷ ಟನ್ ಹೋಗಿದೆ. ದಂಧೆ ಸತ್ತಿಲ್ಲ. ಹೊಡೆತ ಬಿದ್ದಾಗಲೆಲ್ಲ ದೊಡ್ಡ ಕಾರ್ಖಾನೆ ಸುಧಾರಿಸಿಕೊಳ್ಳುತ್ತದೆ, ಭಾಕಡ ಎಮ್ಮೆಯ ಒಡೆಯ ಸುಧಾರಿಸಿಕೊಳ್ಳುವುದಿಲ್ಲ. ಗೊಡ್ಡೆಮ್ಮೆ ಮಾರಿದ ದುಡ್ಡು ಅವನಿಗೆ ಮುಂದಿನ ಎಮ್ಮೆಯ ಮುಂಗಡ.

ಹಾಗೆ ನೋಡಿದರೆ ರೋಗದ ಗೋಡೆ ಒಡೆಯಲಾರದ್ದೇನಲ್ಲ. ದನ ಎಮ್ಮೆಗಳ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ಈ ದೇಶ ನಿರ್ಮೂಲ ಮಾಡಿದೆ; 1995ರ ನಂತರ ಅದು ನಮ್ಮಲ್ಲಿ ಕಾಣಿಸಿಲ್ಲ. ಕಾಲುಬಾಯಿ ಬೇನೆ ಮತ್ತು ಬ್ರುಸೆಲ್ಲೋಸಿಸ್ ಎರಡಕ್ಕೂ ಸೇರಿ 2019ರಲ್ಲಿ 13,343 ಕೋಟಿ ರೂಪಾಯಿಯ ಲಸಿಕೆ ಯೋಜನೆ ಶುರುವಾಗಿ, ದನ ಎಮ್ಮೆಗಳ ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಬಂತು. ಪ್ರಾಣಿ ಯಾವ ಹಿಂಡಿನದು, ಲಸಿಕೆ ಯಾವಾಗ ಬಿತ್ತು ಎಂದು ಕೊಳ್ಳುವ ದೇಶಗಳು ಕೇಳಿದರೆ ಉತ್ತರ ಆ ಬಿಲ್ಲೆಯಲ್ಲಿದೆ. ಆದರೆ ತಬೇಲಾದಿಂದ ದಲ್ಲಾಳಿ, ಸಂತೆ, ಮತ್ತೊಬ್ಬ ದಲ್ಲಾಳಿ ಎಂದು ಕೈ ಬದಲಿಸುತ್ತ ಬರುವ ಎಮ್ಮೆಯ ಮೂಲ ದಾರಿಯಲ್ಲೇ ಕಳೆದುಹೋಗುತ್ತದೆ. ನಾನು ತುಂಬಿದ ಕಾಗದಗಳಲ್ಲಿ ಕಾರ್ಖಾನೆಯ ನಂಬರಿಗೆ, ವೈದ್ಯರಿಗೆ, ಹಡಗಿಗೆ, ಸೀಲಿಗೆ ಕಾಲಂ ಇತ್ತು; ಎಮ್ಮೆ ಸಾಕಿದವನ ಊರಿಗೆ ಇರಲಿಲ್ಲ. ಅಪೇಡಾದವರು ಆ ಒಂದು ಕಾಲಂ ಸೇರಿಸಲಿ. ಬಿಲ್ಲೆಯ ನಂಬರು, ಊರು, ಸಾಕಿದವನಿಗೆ ಸಂದ ಬೆಲೆ, ಮೂರೂ ಅದರಲ್ಲಿ ಬರಲಿ.